ಭಾವಶಬಲತೆಯೂ ಭಾವಾಸ್ಥೈರ್ಯವೂ

೧

ಕಾವ್ಯನಾಟಕಗಳ ಪಾತ್ರಗಳನ್ನು ಮನೋವೈದ್ಯರ ಪರಿಭಾಷೆಯಿಂದ ವಿವರಿಸುವ ಪದ್ಧತಿಯು ನಮ್ಮ ವಿಮರ್ಶೆಯಲ್ಲಿ ಈಗ ಸಾಕಷ್ಟು ಬಳಕೆಗೆ ಬಂದಿದೆ. ಈ ಪದ್ಧತಿಯನ್ನು ಸ್ವರೂಪತಃ ದುಷ್ಟವೆಂದು ತಳ್ಳಿಬಿಡಲಾಗದು. ಅರ್ನೆಸ್ಟ್ ಜೋನ್ಸನು ಹ್ಯಾಮ್ಲೆಟನ ವಿಳಂಬಕ್ಕೆ ಕಾರಣವನ್ನು ಮನೋವಿಶ್ಲೇಷಣದ ಮಾರ್ಗದಿಂದ ಹುಡುಕಿ ೧೯೪೯ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅವನ ಸಿದ್ಧಾಂತವನ್ನು ಒಪ್ಪದವರು ಕೂಡ ಆ ನಾಟಕವನ್ನು ಹೊಸ ಪ್ರಶ್ನೆಯೊಡನೆ ಓದುವಂತಾಯಿತು. ಶಾಸ್ತ್ರಾಂತರದಿಂದ ಪ್ರಶ್ನೆಯು ಬರುವುದಾದರೆ ಅದು ಲಾಭವೇ ಸರಿ. ಆದರೆ ಶಾಸ್ತ್ರಾಂತರದಿಂದ ಬರಿಯ ಹೆಸರು ಮಾತ್ರ ಬಂದು, ಆ ಹೆಸರೇ ತೀರ್ಪಾಗಿ ನಿಂತರೆ, ಅದರಿಂದ ಕಾವ್ಯಕ್ಕೂ ಉಪಕಾರವಿಲ್ಲ, ಹೆಸರನ್ನು ಕೊಟ್ಟ ಶಾಸ್ತ್ರಕ್ಕೂ ಗೌರವವಿಲ್ಲ.

ಹೀಗೆ ತೀರ್ಪಾಗಿ ನಿಲ್ಲುತ್ತಿರುವ ಹೆಸರುಗಳಲ್ಲಿ 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಎಂಬುದು ಒಂದು. ಇದರ ಮುಖ್ಯ ಲಕ್ಷಣವು ಭಾವದ ಅಸ್ಥೈರ್ಯವೆಂಬುದನ್ನು ಮಾತ್ರ ಕೇಳಿ ತಿಳಿದವರು, ಕಾವ್ಯದಲ್ಲಿ ಎಲ್ಲಿ ಭಾವವು ಬೇಗ ಬೇಗ ಬದಲಾಗುವುದೋ ಅಲ್ಲೆಲ್ಲ ಈ ಹೆಸರನ್ನು ಹಚ್ಚುತ್ತಿದ್ದಾರೆ. ಅಂಬೆಗೆ ಈ ಹೆಸರು, ಜನ್ನನ ಅಮೃತಮತಿಗೆ ಈ ಹೆಸರು, ರನ್ನನ ದುರ್ಯೋಧನನಿಗೂ ಇದೇ ಹೆಸರು. ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದಬೇಕಾದ ಉಪಾಧ್ಯಾಯರಿಗೆ ಇದು ಅಪರಿಚಿತವಲ್ಲ. ಆದುದರಿಂದ ಮೂರು ವಿಷಯಗಳನ್ನು ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ: ಈ ಹೆಸರಿಗೆ ಅದರ ಸ್ವಂತ ಶಾಸ್ತ್ರದಲ್ಲಿ ಅರ್ಥವೇನು, ನಮ್ಮ ಆಲಂಕಾರಿಕರು ಹೇಳಿದ ಭಾವಶಬಲತೆಗೂ ಇದಕ್ಕೂ ಸಂಬಂಧವೇನು, ಭೇದವೇನು, ಮೇಲ್ಕಂಡ ಪಾತ್ರಗಳಿಗೆ ಇದು ಸಲ್ಲುವುದೋ ಇಲ್ಲವೋ.

೨

'ಬಾರ್ಡರ್‌ಲೈನ್' ಎಂದರೆ ಗಡಿಯ ಗೆರೆ. ಈ ಶಬ್ದವನ್ನು ೧೯೩೮ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನನು ಒಂದು ಬಗೆಯ ರೋಗಿಗಳ ವಿಷಯದಲ್ಲಿ ಪ್ರಯೋಗಿಸಿದನು. ಸಾಮಾನ್ಯವಾದ ಮನೋವ್ಯಥೆಯ ವರ್ಗದಲ್ಲಿಯೂ ಇವರು ಸೇರರು, ಬುದ್ಧಿಭ್ರಂಶದ ವರ್ಗದಲ್ಲಿಯೂ ಸೇರರು. ಎರಡರ ಗಡಿಯಲ್ಲಿ ನಿಂತವರು ಎಂಬುದು ಅಂದಿನ ಅಭಿಪ್ರಾಯ. ೧೯೬೭ರಲ್ಲಿ ಆಟೋ ಕರ್ನ್‌ಬರ್ಗನು ಇದನ್ನು ವ್ಯಕ್ತಿತ್ವದ ಒಂದು ರಚನೆಯೆಂದು ವಿವರಿಸಿದನು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯಸಂಘದ ರೋಗಸಂಗ್ರಹದ ಮೂರನೆಯ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವು ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ವರ್ಗೀಕರಣವು ಇದನ್ನು 'ಭಾವದಲ್ಲಿ ಅಸ್ಥಿರವಾದ ವ್ಯಕ್ತಿತ್ವ'ವೆಂಬ ಹೆಸರಿನಲ್ಲಿ ಸೇರಿಸಿತ್ತು. ೨೦೨೨ರಿಂದ ಜಾರಿಗೆ ಬಂದ ಹನ್ನೊಂದನೆಯ ವರ್ಗೀಕರಣದಲ್ಲಿ ವ್ಯಕ್ತಿತ್ವವಿಕಾರಗಳನ್ನು ತೀವ್ರತೆಯ ತಾರತಮ್ಯದಿಂದ ಅಳೆದು, 'ಬಾರ್ಡರ್‌ಲೈನ್' ಎಂಬುದನ್ನು ಅವುಗಳ ಒಂದು ವಿನ್ಯಾಸವಾಗಿ ಮಾತ್ರ ಉಳಿಸಿಕೊಂಡಿದ್ದಾರೆ. ಗಡಿಯ ಕಲ್ಪನೆಯು ಹೋಯಿತು, ಗಡಿಯ ಹೆಸರು ಉಳಿಯಿತು. ಶಬ್ದಶಾಸ್ತ್ರದಲ್ಲಿ ರೂಢಿಯು ಯೋಗವನ್ನು ಅಪಹರಿಸುವುದೆಂದು ಹೇಳುವುದಕ್ಕೆ ಇದೂ ಒಂದು ಉದಾಹರಣೆಯಾಗಬಹುದು.

ಅಮೆರಿಕದ ಸಂಗ್ರಹದ ೨೦೧೩ರ ಆವೃತ್ತಿಯಲ್ಲಿ ಈ ವಿಕಾರಕ್ಕೆ ೯ ಲಕ್ಷಣಗಳನ್ನು ಹೇಳಿದೆ. ತ್ಯಕ್ತರಾದೇವೆಂಬ ಭಯದಿಂದ ಹತಾಶಪ್ರಯತ್ನಗಳನ್ನು ಮಾಡುವುದು; ಒಬ್ಬರನ್ನೇ ಒಮ್ಮೆ ದೇವರಂತೆಯೂ ಮತ್ತೊಮ್ಮೆ ದ್ರೋಹಿಯಂತೆಯೂ ಕಾಣುವ ಸಂಬಂಧಗಳು; ತಾನಾರೆಂಬುದೇ ನೆಲೆನಿಲ್ಲದಿರುವುದು; ಸ್ವಂತಕ್ಕೆ ಕೇಡಾಗುವಂತಹ ದುಡುಕು; ಆತ್ಮಹಿಂಸೆಯ ಪ್ರವೃತ್ತಿ; ಭಾವದ ಅಸ್ಥೈರ್ಯ; ಬಹುಕಾಲದ ಶೂನ್ಯತೆಯ ಅನುಭವ; ತಡೆಯಲಾಗದ ಕೋಪ; ಒತ್ತಡದ ಸಮಯದಲ್ಲಿ ಸಂಶಯ ಅಥವಾ ಮೈಮರೆವು. ಇವುಗಳಲ್ಲಿ ೫ಕ್ಕೆ ಕಡಿಮೆಯಿಲ್ಲದೆ ಇರಬೇಕು. ಯೌವನದ ಆರಂಭದ ಹೊತ್ತಿಗೇ ತೋರಿ, ಜೀವನದ ನಾನಾ ಸಂದರ್ಭಗಳಲ್ಲಿ ವ್ಯಾಪಿಸಿರಬೇಕು. ಒಂದು ದಿನದ, ಒಂದು ಪ್ರಸಂಗದ ಕ್ಷೋಭೆಯು ಈ ವಿಕಾರವಲ್ಲವೆಂಬುದು ಇದರಿಂದಲೇ ಸಿದ್ಧವಾಯಿತು. ಇಲ್ಲಿಯ ಭಾವಪರಿವರ್ತನೆಯು ಸಾಮಾನ್ಯವಾಗಿ ಕೆಲವು ಗಂಟೆಗಳ ಕಾಲ ನಿಲ್ಲತಕ್ಕದ್ದು, ಕೆಲವು ದಿನಗಳನ್ನು ಮೀರುವುದು ವಿರಳ. ವಾರಗಟ್ಟಲೆ ಉಬ್ಬಿ ವಾರಗಟ್ಟಲೆ ಕುಗ್ಗುವ ಬೈಪೋಲಾರ್ ವ್ಯಾಧಿಗೂ ಇದಕ್ಕೂ ಇರುವ ಒಂದು ಭೇದವು ಇದೇ.

ಇದಕ್ಕೆ ಕನ್ನಡದಲ್ಲಿ ಯಾವ ಶಬ್ದವನ್ನು ಬಳಸಬೇಕೆಂಬುದೂ ವಿಚಾರಾರ್ಹವಾಗಿದೆ. 'ಚಪಲಚಿತ್ತತೆ' ಎಂದು ಬರೆಯುವವರುಂಟು. ಇದು ಯುಕ್ತವೆಂದು ತೋರುವುದಿಲ್ಲ. ಭರತನ ಮತದಲ್ಲಿ ಚಪಲತೆಯು ರಾಗ, ದ್ವೇಷ, ಮಾತ್ಸರ್ಯ, ಈರ್ಷ್ಯೆ ಮೊದಲಾದವುಗಳಿಂದ ಹುಟ್ಟಿ ಕಠೋರವಾದ ಮಾತು, ಪ್ರಹಾರ ಮುಂತಾದ ಅನುಭಾವಗಳಿಂದ ವ್ಯಕ್ತವಾಗುವ ಒಂದು ವ್ಯಭಿಚಾರಿಭಾವ; ಮೂವತ್ತಮೂರರಲ್ಲಿ ಒಂದು. ಇಡೀ ಸಮುದಾಯದ ಅವ್ಯವಸ್ಥೆಗೆ ಅದರಲ್ಲಿ ಒಂದರ ಹೆಸರನ್ನಿಡುವುದು ಅವ್ಯಾಪ್ತಿದೋಷ. ಅಲ್ಲದೆ ಲೋಕದಲ್ಲಿ 'ಚಪಲ'ವೆಂಬ ಮಾತು ನಿಂದೆಯನ್ನು ಹೊತ್ತುಕೊಂಡೇ ಬರುತ್ತದೆ. ರೋಗಕ್ಕೆ ನಿಂದೆಯ ಹೆಸರನ್ನಿಟ್ಟರೆ ರೋಗಿಯನ್ನು ಅಪರಾಧಿಯನ್ನಾಗಿ ಮಾಡಿದಂತಾಗುವುದು. 'ಭಾವಾಸ್ಥೈರ್ಯ'ವೆಂಬುದು ಸ್ಥಿತಿಯನ್ನು ಮಾತ್ರ ಹೇಳುತ್ತದೆ, ದೋಷಾರೋಪಣೆಯನ್ನು ಮಾಡುವುದಿಲ್ಲ. ಆದುದರಿಂದ ಇಲ್ಲಿ ಅದನ್ನೇ ಅಂಗೀಕರಿಸಿದ್ದೇವೆ.

೩

ಈಗ ನಮ್ಮ ಶಾಸ್ತ್ರದ ಕಡೆಗೆ ಬರೋಣ. ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಭರತನು ೮ ಸ್ಥಾಯಿಗಳು, ೩೩ ವ್ಯಭಿಚಾರಿಗಳು, ೮ ಸಾತ್ತ್ವಿಕಗಳು, ಒಟ್ಟು ೪೯ ಭಾವಗಳನ್ನು ಹೇಳಿರುವನು. ವ್ಯಭಿಚಾರಿಯೆಂದರೆ ರಸದ ಕಡೆಗೆ ನಾನಾ ವಿಧವಾಗಿ ಚರಿಸತಕ್ಕದ್ದು, ಅದನ್ನು ಒಯ್ಯತಕ್ಕದ್ದು. ಒಯ್ಯುವುದು ಹೇಗೆಂಬ ಪ್ರಶ್ನೆಗೆ ಭರತನು ಸೂರ್ಯನ ದೃಷ್ಟಾಂತವನ್ನು ಕೊಡುತ್ತಾನೆ: ಸೂರ್ಯನು ದಿನವನ್ನು ತೋಳಿನಲ್ಲಿಯೋ ಹೆಗಲಿನಲ್ಲಿಯೋ ಹೊತ್ತು ಹೋಗುವುದಿಲ್ಲ, ಆದರೂ ದಿನವನ್ನು ಒಯ್ಯುತ್ತಾನೆಂದು ಲೋಕವು ಹೇಳುತ್ತದೆ. ಧನಂಜಯನು ದಶರೂಪಕದಲ್ಲಿ ಸ್ಥಾಯಿಯನ್ನು ಲವಣಸಮುದ್ರಕ್ಕೂ ವ್ಯಭಿಚಾರಿಗಳನ್ನು ಅಲ್ಲಿ ಏಳುತ್ತ ಮುಳುಗುತ್ತ ಇರುವ ತರಂಗಗಳಿಗೂ ಹೋಲಿಸಿರುವನು. ತನ್ನೊಳಗೆ ಬಿದ್ದುದೆಲ್ಲವನ್ನೂ ಉಪ್ಪಾಗಿಸಿಕೊಳ್ಳುವ ಸಾಮರ್ಥ್ಯವುಳ್ಳದ್ದು ಸ್ಥಾಯಿ. ತರಂಗವು ಚಂಚಲವಾಗಿರುವುದು ದೋಷವಲ್ಲ. ಅದೇ ಅದರ ಸ್ವಭಾವ. ಸಮುದ್ರವಿದ್ದರೆ ತರಂಗಕ್ಕೆ ನೆಲೆಯುಂಟು.

ವ್ಯಭಿಚಾರಿಗಳ ಗತಿಯನ್ನು ಮುಂದಿನ ಆಲಂಕಾರಿಕರು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿದರು. ಮಮ್ಮಟನು ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಭಾವಶಾಂತಿ, ಭಾವೋದಯ, ಭಾವಸಂಧಿ, ಭಾವಶಬಲತೆಗಳೆಂಬ ನಾಲ್ಕು ಅವಸ್ಥೆಗಳನ್ನು ಉದಾಹರಿಸಿರುವನು. ಒಂದು ಭಾವವು ಅಡಗುವುದು ಶಾಂತಿ. ಒಂದು ಹುಟ್ಟುವುದು ಉದಯ. ಎರಡು ಸಮಬಲವಾಗಿ ಎದುರುನಿಲ್ಲುವುದು ಸಂಧಿ. ಹಲವು ಒಂದರಮೇಲೊಂದು ಬಂದು ಹಿಂದಿನದನ್ನು ಮುಂದಿನದು ಒತ್ತರಿಸುವುದು ಶಬಲತೆ. ಶಬಲತೆಗೆ ಆಲಂಕಾರಿಕರು ಪದೇ ಪದೇ ಎತ್ತಿಕೊಳ್ಳುವ ಶ್ಲೋಕವೊಂದುಂಟು; ಅದನ್ನು ಪುರೂರವನ ಮಾತೆಂದು ಕೆಲವರೂ ಯಯಾತಿಯ ಮಾತೆಂದು ಕೆಲವರೂ ಹೇಳುವರು. ಅಲ್ಲಿ ಅನುರಕ್ತನಾದ ರಾಜನು ನಾಲ್ಕೇ ಪಾದಗಳಲ್ಲಿ ಎಂಟು ಭಾವಗಳನ್ನು ದಾಟುತ್ತಾನೆ: ವಿತರ್ಕವನ್ನು ಔತ್ಸುಕ್ಯವೂ, ಮತಿಯನ್ನು ಸ್ಮೃತಿಯೂ, ಶಂಕೆಯನ್ನು ದೈನ್ಯವೂ, ಧೃತಿಯನ್ನು ಚಿಂತೆಯೂ ಹಿಂದಕ್ಕೆ ತಳ್ಳುತ್ತವೆ. ಆನಂದವರ್ಧನನು ಇದನ್ನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಎತ್ತಿಕೊಂಡಿರುವನು. ವಿವೇಕಪಕ್ಷದ ಭಾವಗಳು ಪ್ರತಿಸಲವೂ ಸೋಲುವುದರಿಂದಲೇ ರತಿಯ ಬಲವು ತಿಳಿಯುತ್ತದೆ; ವಿರೋಧಿಗಳು ಬಾಧ್ಯವಾಗಿ ಬಂದರೆ ದೋಷವಾಗುವುದಿರಲಿ, ಗುಣವೇ ಆಗುವುದು. ಎಂಟು ಭಾವಗಳೂ ಒಂದೇ ಸ್ಥಾಯಿಯ ಎಂಟು ಮುಖಗಳು. ಇಷ್ಟು ವೇಗವಾಗಿ ಬದಲಾಗುವ ಮನಸ್ಸನ್ನು ನೋಡಿ ಯಾವ ಆಲಂಕಾರಿಕನೂ ಆ ರಾಜನನ್ನು ರೋಗಿಯೆಂದು ಕರೆಯಲಿಲ್ಲ. ಕಾರಣವು ಸ್ಪಷ್ಟ: ಭಾವಗಳು ಎಷ್ಟೇ ಬದಲಾದರೂ ಅವನು ಬದಲಾಗಲಿಲ್ಲ.

೪

ಈ ಪರಿಭಾಷೆಯನ್ನು ಕೈಯಲ್ಲಿ ಹಿಡಿದು ವ್ಯಾಧಿಯ ಕಡೆಗೆ ನೋಡಿದರೆ ಎರಡರ ಸಾಮ್ಯವೂ ಭೇದವೂ ಒಟ್ಟಿಗೇ ತಿಳಿಯುವುವು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ರೋಗಿಗಳ ಭಾವಸ್ವಭಾವಕ್ಕೆ ಮೂರು ಅಂಗಗಳನ್ನು ಹೇಳಿದ್ದಾರೆ: ಅಲ್ಪಕಾರಣದಿಂದಲೇ ಭಾವವು ಉದ್ಬುದ್ಧವಾಗುವುದು, ಉದ್ಬುದ್ಧವಾದುದು ತೀವ್ರವಾಗಿರುವುದು, ಮೊದಲಿನ ನೆಲೆಗೆ ಮರಳಲು ಬಹಳ ಹೊತ್ತು ಹಿಡಿಯುವುದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ವಿಭಾವವು ಸ್ವಲ್ಪ, ಅನುಭಾವವು ಅತಿಮಾತ್ರ, ಉದಯವು ಶೀಘ್ರ, ಶಾಂತಿಯು ವಿಲಂಬ.

ಈ ನಾಲ್ಕನೆಯ ಅಂಶವೇ ಮುಖ್ಯವಾದುದು. ಕಾವ್ಯದ ಶಬಲತೆಯಲ್ಲಿ ಹಿಂದಿನ ಭಾವವು ಮುಂದಿನದಕ್ಕೆ ಸ್ಥಳವನ್ನು ಬಿಟ್ಟುಕೊಡುತ್ತದೆ. ವ್ಯಾಧಿಯಲ್ಲಿ ಹಾಗಲ್ಲ. ಬೆಳಗ್ಗೆ ಹುಟ್ಟಿದ ಅವಮಾನವು ಆರುವ ಮೊದಲೇ ಮಧ್ಯಾಹ್ನದ ಭಯವು ಬಂದು ಅದರ ಮೇಲೆ ಬೀಳುತ್ತದೆ. ಆ ಭಯವು ಅಡಗುವ ಮೊದಲೇ ಸಂಜೆಯ ಕೋಪವು ಬರುತ್ತದೆ. ಮೊದಲನೆಯದರ ಕಾವು ಇನ್ನೂ ಇರುವುದರಿಂದ ಎರಡನೆಯದು ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಹೊರಗಿನಿಂದ ನೋಡುವವನು ಕಡೆಯ ಕೋಪವನ್ನು ಮಾತ್ರ ಕಂಡು, ಅದಕ್ಕೆ ಆಗಿನ ಅಲ್ಪಕಾರಣವನ್ನು ಮಾತ್ರ ಕಂಡು, ಕಾರಣಕ್ಕೂ ಕಾರ್ಯಕ್ಕೂ ಸಂಬಂಧವಿಲ್ಲವೆಂದು ನಗುತ್ತಾನೆ ಅಥವಾ ಬೈಯುತ್ತಾನೆ. ಕವಿಯು ತನ್ನ ಪಾತ್ರದ ವಿಭಾವಗಳನ್ನೆಲ್ಲ ನಮಗೆ ಮೊದಲೇ ತೋರಿಸಿರುವನು. ಲೋಕದಲ್ಲಿ ರೋಗಿಯ ವಿಭಾವಗಳನ್ನು ನಮಗೆ ತೋರಿಸುವ ಕವಿಯಿಲ್ಲ. ಆದುದರಿಂದ ಭಾವವು ಅಕಾರಣವೆಂಬ ತೀರ್ಮಾನವು ಬಹುಮಟ್ಟಿಗೆ ನೋಡುವವನ ಅಜ್ಞಾನದ ಫಲ.

ಹಾಗಾದರೆ ವ್ಯಾಧಿಯಲ್ಲಿ ಸ್ಥಾಯಿಯಿಲ್ಲವೆ? ಇದೆಯೆಂದೇ ನಮ್ಮ ಮತ. ಮೇಲೆ ಹೇಳಿದ ಒಂಬತ್ತು ಲಕ್ಷಣಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಏಳನೆಯದನ್ನೂ ಕೂಡಿಸಿ ನೋಡಬೇಕು. ನನ್ನನ್ನು ಬಿಟ್ಟುಬಿಡುವರೆಂಬ ಭಯವು ಅಲ್ಲಿ ಬಂದು ಹೋಗುವ ತ್ರಾಸವಲ್ಲ, ಬಹುಕಾಲ ನಿಂತಿರುವ ಭಯ. ಆದರೆ ಕಾವ್ಯದಲ್ಲಿ ಸ್ಥಾಯಿಗೆ ಒಬ್ಬ ಆಶ್ರಯನಿರುತ್ತಾನೆ; ರತಿಯಾಗಲಿ ಶೋಕವಾಗಲಿ 'ಇವನದು' ಎಂದು ಹೇಳುವುದಕ್ಕೆ ಒಬ್ಬನು ದೃಢವಾಗಿ ನಿಂತಿರುತ್ತಾನೆ. ಇಲ್ಲಿ ಆ ಆಶ್ರಯವೇ ಅಲುಗುತ್ತಿದೆ. ತಾನಾರೆಂಬ ಪ್ರತ್ಯಯವೇ ನೆಲೆನಿಲ್ಲದೆ, ಒಳಗೆ ಶೂನ್ಯವೆಂಬ ಅನುಭವವಾಗುತ್ತಿದೆ. ಸಮುದ್ರದ ದೃಷ್ಟಾಂತವನ್ನೇ ಮುಂದುವರಿಸುವುದಾದರೆ, ತರಂಗಗಳು ಹೆಚ್ಚಾದುದಲ್ಲ, ತೀರವು ಕಾಣದಾದುದು ಈ ವ್ಯಾಧಿಯ ದುಃಖ.

ಇನ್ನೂ ಒಂದು ಭೇದವುಂಟು. ಕಾವ್ಯದ ಶೋಕವು ಆಸ್ವಾದ್ಯವಾಗುವುದು ಸಾಧಾರಣೀಕರಣದಿಂದ. ಇದು ನನ್ನದು, ಇದು ಶತ್ರುವಿನದು, ಇದು ತಟಸ್ಥನದು ಎಂಬ ಪರಿಮಿತವಾದ ಬುದ್ಧಿಯು ಅಲ್ಲಿ ಕರಗಿಹೋಗಿರುತ್ತದೆ. ಅಭಿನವಗುಪ್ತನು ರಸಾಸ್ವಾದದ ಏಳು ವಿಘ್ನಗಳನ್ನು ಎಣಿಸುವಾಗ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಒಂದು ವಿಘ್ನವೆಂದು ಹೇಳಿರುವನು. ಭಾವಾಸ್ಥೈರ್ಯದಿಂದ ನರಳುವವನಿಗೆ ಈ ವಿಘ್ನವೇ ಇಡೀ ಜೀವನ. ಅವನ ಪ್ರತಿಯೊಂದು ಭಾವವೂ 'ನನ್ನದು' ಮಾತ್ರ. ಅದನ್ನು ಒಂದು ಮೊಳ ದೂರದಲ್ಲಿಟ್ಟು ನೋಡುವ ಅವಕಾಶವು ಅವನಿಗಿಲ್ಲ. ಲಿನೆಹನ್ ಅವರ 'ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ' ಎಂಬ ಚಿಕಿತ್ಸೆಯಲ್ಲಿ ಝೆನ್ ಬೌದ್ಧರ ಧ್ಯಾನಪದ್ಧತಿಯಿಂದ ಪಡೆದ ಒಂದು ಅಭ್ಯಾಸವನ್ನು ಮೊದಲು ಕಲಿಸುವರು: ಏಳುತ್ತಿರುವ ಭಾವವನ್ನು ತಡೆಯದೆ, ಅದರ ಹಿಂದೆ ಓಡದೆ, ಅದಕ್ಕೆ ಹೆಸರಿಟ್ಟು ನೋಡುವುದು. ಇದು ರಸಾಸ್ವಾದವಲ್ಲ, ನಿಜ. ಆದರೂ ಭಾವಕ್ಕೂ ಭಾವವುಳ್ಳವನಿಗೂ ನಡುವೆ ಸ್ವಲ್ಪ ಅಂತರವನ್ನು ಕಲ್ಪಿಸುವ ಯತ್ನವೆಂಬಷ್ಟರ ಮಟ್ಟಿಗೆ ಎರಡೂ ಒಂದೇ ದಿಕ್ಕಿಗೆ ಮುಖಮಾಡಿವೆ.

೫

ಇಲ್ಲಿ ಒಂದು ಪೂರ್ವಪಕ್ಷವು ಬರಬಹುದು. ಉನ್ಮಾದ, ಅಪಸ್ಮಾರ, ವ್ಯಾಧಿ, ಮರಣಗಳನ್ನು ಭರತನು ವ್ಯಭಿಚಾರಿಗಳಲ್ಲಿಯೇ ಎಣಿಸಿರುವುದರಿಂದ ಈ ವಿಕಾರವನ್ನು ನಮ್ಮ ಪೂರ್ವಿಕರು ಎಂದೋ ಬಲ್ಲವರಾಗಿದ್ದರು, ಪಾಶ್ಚಾತ್ಯರು ಹೊಸದಾಗಿ ಹೇಳಿದುದೇನೂ ಇಲ್ಲ, ಎಂದು. ಸಂಸ್ಕೃತವನ್ನು ಓದಿದ ನಮ್ಮವರಿಗೆ ಈ ಮಾತು ಕಿವಿಗೆ ಇಂಪಾದುದೇ. ಆದರೆ ಪ್ರಮಾಣಕ್ಕೆ ನಿಲ್ಲತಕ್ಕದ್ದಲ್ಲ. ಭರತನು ಉನ್ಮಾದವನ್ನು ಹೇಳಿರುವುದು ರಂಗದಮೇಲೆ ವಿಪ್ರಲಂಭಾದಿಗಳಿಗೆ ಅಂಗವಾಗಿ ಅಭಿನಯಿಸತಕ್ಕ ಕ್ಷಣಿಕಾವಸ್ಥೆಯಾಗಿ. ರೋಗಿಯನ್ನು ಪರೀಕ್ಷಿಸುವುದಕ್ಕಾಗಿ ಅಲ್ಲ. ವೈದ್ಯದೃಷ್ಟಿಯಿಂದ ಉನ್ಮಾದವನ್ನು ವಿಚಾರಿಸಿದವನು ಚರಕ. ಅವನು ಅದನ್ನು ವಾತ, ಪಿತ್ತ, ಕಫ, ಸನ್ನಿಪಾತಗಳಿಂದಾದುದು ಮತ್ತು ಆಗಂತುಕವಾದುದು ಎಂದು ಐದಾಗಿ ವಿಭಾಗಿಸಿರುವನು. ಆ ಐದರಲ್ಲಿ ಯಾವುದೂ ಇಂದಿನ ಈ ವಿಕಾರದೊಡನೆ ಸಮಾನಾಧಿಕರಣವಾಗುವಂತಿಲ್ಲ. ನಾಟ್ಯಶಾಸ್ತ್ರಕ್ಕೂ ಚಿಕಿತ್ಸಾಶಾಸ್ತ್ರಕ್ಕೂ ಇರುವ ಈ ಪ್ರಯೋಜನಭೇದವನ್ನು ನಮ್ಮ ಪೂರ್ವಿಕರೇ ಕಾಪಾಡಿಕೊಂಡು ಬಂದಿರುವಾಗ ಅದನ್ನು ಅಳಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ನಮ್ಮ ಪರಿಭಾಷೆಯಿಂದ ಈ ವ್ಯಾಧಿಯ ವಿವರಣೆಯು ಸ್ಫುಟವಾಗಬಹುದೆಂಬಷ್ಟೇ ನಮ್ಮ ಪ್ರತಿಜ್ಞೆ. ವ್ಯಾಧಿಯ ನಿರ್ಣಯವು ಇದರಿಂದಾಗದು.

೬

ಇನ್ನು ಪಾತ್ರಗಳ ವಿಚಾರ. ಮೊದಲು ಅಂಬೆ. ಉದ್ಯೋಗಪರ್ವದ ಉಪಾಖ್ಯಾನದಲ್ಲಿ ಅವಳನ್ನು ಭೀಷ್ಮನು ಸ್ವಯಂವರದಿಂದ ಒಯ್ದನು. ಅವಳು ಮನಸ್ಸಿನಲ್ಲಿ ವರಿಸಿದ್ದ ಸಾಲ್ವನು, ಹಿಂದಿರುಗಿ ಬಂದವಳನ್ನು ಒಲ್ಲೆನೆಂದನು. ಭೀಷ್ಮನಿಗೆ ವ್ರತವು ಅಡ್ಡವಾಯಿತು. ಪ್ರೀತಿಯು ದೈನ್ಯವಾಗಿ, ದೈನ್ಯವು ನಿರ್ವೇದವಾಗಿ, ನಿರ್ವೇದವು ಕ್ರೋಧವಾಗಿ ಪರಿಣಮಿಸಿತು. ತ್ಯಾಗದ ಭಯ, ತಡೆಯಲಾಗದ ಕೋಪ, ಕಡೆಗೆ ಅಗ್ನಿಪ್ರವೇಶ, ಇವನ್ನು ಎಣಿಸಿ ಕೆಲವರು ಲಕ್ಷಣಗಳು ಕೂಡಿದುವೆಂದು ತೀರ್ಮಾನಿಸುವರು. ಆದರೆ ಕಥೆಯನ್ನು ಪೂರ್ತಿಯಾಗಿ ಓದಿದವರಿಗೆ ಅಲ್ಲಿ ಅಸ್ಥೈರ್ಯವು ಎಲ್ಲಿ ಕಾಣುತ್ತದೆ? ಕ್ರೋಧವು ಒಮ್ಮೆ ಹುಟ್ಟಿದಮೇಲೆ ಪರಶುರಾಮನ ಯುದ್ಧದಿಂದಲೂ ತೀರದೆ, ತಪಸ್ಸಿನಿಂದಲೂ ಕರಗದೆ, ದೇಹವನ್ನು ಬಿಟ್ಟು ಶಿಖಂಡಿಯ ಜನ್ಮದವರೆಗೂ ಒಂದೇ ಗುರಿಯಲ್ಲಿ ನಿಲ್ಲುತ್ತದೆ. ಇದಕ್ಕಿಂತ ಸ್ಥಿರವಾದ ಸ್ಥಾಯಿಯು ಮಹಾಭಾರತದಲ್ಲಿಯೇ ವಿರಳ. ಅಂಬೆಯ ಭಯಂಕರತ್ವವು ಅವಳ ಸ್ಥೈರ್ಯದಲ್ಲಿದೆ. ಅವಳನ್ನು ಅಸ್ಥಿರೆಯೆಂದರೆ ಅವಳಿಗೆ ಅನ್ಯಾಯವನ್ನು ಮಾಡಿದವರ ಭಾಗವು ಕಥೆಯಿಂದ ಜಾರಿಹೋಗುವುದು.

ಎರಡನೆಯದು ಕ್ರಿ. ಶ. ೧೦೦೦ದ ಆಸುಪಾಸಿನಲ್ಲಿದ್ದ ರನ್ನನ ಗದಾಯುದ್ಧ. ಸಂಜಯನೊಡನೆ ರಣರಂಗವನ್ನು ದಾಟುತ್ತ ಭೀಷ್ಮನ ಬಳಿಗೆ ಹೋಗುವ ದುರ್ಯೋಧನನು ಒಂದೊಂದು ಹೆಣದ ಮುಂದೆಯೂ ಒಂದೊಂದು ಭಾವವನ್ನು ತಾಳುತ್ತಾನೆ. ದ್ರೋಣನ ಮುಂದೆ ಭಕ್ತಿ, ಶತ್ರುಪುತ್ರನಾದ ಅಭಿಮನ್ಯುವಿನ ಮುಂದೆ ಮೆಚ್ಚುಗೆ, ದುಶ್ಶಾಸನನ ಮುಂದೆ ಭ್ರಾತೃಶೋಕ, ಕರ್ಣನ ಮುಂದೆ ಕರುಳು ಕಿತ್ತುಬರುವ ಸಖ್ಯ. ಭೀಷ್ಮನು ಸಂಧಿಯ ಮಾತನ್ನು ಎತ್ತಿದಾಗ ಅಮರ್ಷ; ವೈಶಂಪಾಯನಸರೋವರದಲ್ಲಿ ಅಡಗಿದಾಗ ವ್ರೀಡೆ; ಭೀಮನ ಗರ್ಜನೆಯನ್ನು ಕೇಳಿದಾಗ ಉಗ್ರತೆ. ಇಷ್ಟು ಭಾವಗಳು ಇಷ್ಟು ಅಲ್ಪಕಾಲದಲ್ಲಿ ಬಂದುವೆಂದು ಅವನ ಮನಸ್ಸು ನೆಲೆತಪ್ಪಿತೆನ್ನಬಹುದೆ? ಪ್ರತಿಯೊಂದಕ್ಕೂ ವಿಭಾವವು ಕಣ್ಣೆದುರಿಗೇ ಬಿದ್ದಿದೆ. ಮಡಿದವರ ಮೇಲಿನ ಸ್ನೇಹವೂ ಬಾಗೆನೆಂಬ ಛಲವೂ ಅವನಲ್ಲಿ ಎರಡಲ್ಲ, ಒಂದೇ; ಇವರನ್ನು ಕೊಂದವರೊಡನೆ ಹೇಗೆ ಬಾಳಲೆಂಬುದೇ ಅವನು ಸಂಧಿಯನ್ನು ಒಲ್ಲದಿರುವುದಕ್ಕೆ ಕಾರಣ. ತರಂಗಗಳನ್ನು ಎಣಿಸಿ ಸಮುದ್ರವನ್ನು ಕಾಣದೆಹೋದರೆ ಗದಾಯುದ್ಧವನ್ನು ಓದಿದಂತಾಗುವುದಿಲ್ಲ.

ಮೂರನೆಯದಾದ ಅಮೃತಮತಿಯ ವಿಷಯವು ಇಷ್ಟು ಸುಲಭವಲ್ಲ. ಜನ್ನನು ಯಶೋಧರಚರಿತೆಯನ್ನು ಮುಗಿಸಿದುದು ಕ್ರಿ. ಶ. ೧೨೦೯ರಲ್ಲಿ. ರಾಣಿಯು ಮಾವಟಿಗನ ಹಾಡನ್ನು ಕೇಳಿ ಮನಸೋಲುತ್ತಾಳೆ. ದೂತಿಯು ಅವನ ವಿಕಾರವಾದ ರೂಪವನ್ನು ವರ್ಣಿಸಿದರೂ ಹಿಂಜರಿಯಳು. ಒಂದು ರಾತ್ರಿ ತಡವಾಗಿ ಹೋದಾಗ ಅವನು ಅವಳನ್ನು ಹೊಡೆಯುತ್ತಾನೆ. ಅವಳು ಅವನ ಕಾಲಮೇಲೆ ಬಿದ್ದು, ನೀನು ಬಿಟ್ಟರೆ ನನಗೆ ಸಾವೇ ಗತಿಯೆಂಬ ಅರ್ಥದ ಮಾತನ್ನಾಡುತ್ತಾಳೆ. ಮುಂದೆ ಗಂಡನಿಗೂ ಅತ್ತೆಗೂ ವಿಷವನ್ನಿಕ್ಕುತ್ತಾಳೆ. ತ್ಯಾಗದ ಭಯ, ಹತಾಶಪ್ರಯತ್ನ, ಒಬ್ಬನಲ್ಲಿ ಅತಿಶಯವಾದ ಆರಾಧನೆ, ದುಡುಕು, ಇವು ಇಲ್ಲಿ ಇರುವಂತೆ ತೋರುವುದು ನಿಜ. ಆದರೂ ಈ ಹೆಸರನ್ನು ಹಚ್ಚುವುದಕ್ಕೆ ಮೂರು ಆಕ್ಷೇಪಗಳಿವೆ.

ಒಂದನೆಯದು: ಜನ್ನನು ಅವಳ ಜೀವನವನ್ನು ನಮಗೆ ತೋರಿಸಿಲ್ಲ, ಒಂದು ವ್ಯಾಮೋಹವನ್ನು ಮಾತ್ರ ತೋರಿಸಿದ್ದಾನೆ. ಯೌವನಾರಂಭದಿಂದ ಎಲ್ಲ ಸಂದರ್ಭಗಳಲ್ಲಿಯೂ ವ್ಯಾಪಿಸಿರಬೇಕೆಂಬ ನಿಯಮವು ಇಲ್ಲಿ ಸಿದ್ಧವಾಗುವುದಿಲ್ಲ. ಕವಿಯು ಹೇಳದೆ ಬಿಟ್ಟುದನ್ನು ರೋಗದ ಹೆಸರಿನಿಂದ ತುಂಬಿಸುವುದು ವ್ಯಾಖ್ಯಾನವಲ್ಲ, ಕಲ್ಪನೆ. ಎರಡನೆಯದು: ಅದೇ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ನೋಡುತ್ತಿರುವ ಯಶೋಧರನ ಮನಸ್ಸು ಕತ್ತಿಗೆ ಕೈಹಾಕುವ ಕ್ರೋಧದಿಂದ ಒಡನೆಯೇ ತಡೆಯುವ ವಿವೇಕಕ್ಕೂ, ಅಲ್ಲಿಂದ ಜುಗುಪ್ಸೆಗೂ ನಿರ್ವೇದಕ್ಕೂ ಹೊರಳುತ್ತದೆ. ಭಾವಗಳ ಪರಿವರ್ತನೆಯನ್ನೇ ಅಳೆಯುವುದಾದರೆ ಶಬಲತೆಯು ಹೆಚ್ಚಾಗಿರುವುದು ಅರಸನಲ್ಲಿ. ಅಮೃತಮತಿಯು ಒಂದೇ ಮೋಹದಲ್ಲಿ ನೆಟ್ಟವಳು. ಆದರೂ ಅರಸನಿಗೆ ಯಾರೂ ರೋಗದ ಹೆಸರನ್ನಿಡಲಿಲ್ಲ, ರಾಣಿಗೆ ಇಟ್ಟರು. ಇದು ನಮ್ಮ ವಿಮರ್ಶೆಯೊಂದರದೇ ದೋಷವಲ್ಲ. ಚಿಕಿತ್ಸಾಲಯಗಳಲ್ಲಿ ಈ ಹೆಸರನ್ನು ಪಡೆದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ತ್ರೀಯರೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಅಮೆರಿಕದಲ್ಲಿ ಸಾಮಾನ್ಯ ಜನರ ನಡುವೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಗಣನೆಯಲ್ಲಿ ಸ್ತ್ರೀಪುರುಷರ ಪ್ರಮಾಣವು ಹೆಚ್ಚುಕಡಮೆ ಸಮವಾಗಿಯೇ ಕಂಡಿತು. ಮೂರನೆಯದು, ಎಲ್ಲಕ್ಕಿಂತ ಗುರುತರವಾದುದು: ವಿಷವಿಕ್ಕಿದವಳಿಗೆ ಈ ಹೆಸರನ್ನಿಟ್ಟರೆ, ಈ ಹೆಸರುಳ್ಳವರೆಲ್ಲರ ಕೈಯಲ್ಲಿಯೂ ವಿಷವನ್ನಿಟ್ಟಂತಾಗುವುದು. ಈ ವ್ಯಾಧಿಯ ಹಿಂಸೆಯು ಬಹುಮಟ್ಟಿಗೆ ತಿರುಗುವುದು ರೋಗಿಯ ಮೇಲೆಯೇ. ಕ್ರೌರ್ಯವು ಇದರ ಒಂಬತ್ತು ಲಕ್ಷಣಗಳಲ್ಲಿ ಒಂದಲ್ಲ.

೭

ಇಷ್ಟು ವಿಚಾರವು ಶಬ್ದಶುದ್ಧಿಯ ವಿಷಯ ಮಾತ್ರವೆಂದು ಯಾರೂ ತಿಳಿಯಬಾರದು. ನಾವು ಪಾಠವನ್ನು ಹೇಳುವುದು ಹದಿನೆಂಟು ಇಪ್ಪತ್ತು ವರ್ಷದವರಿಗೆ. ಈ ವಿಕಾರವು ಸಾಮಾನ್ಯವಾಗಿ ತಲೆದೋರುವುದೂ ಆ ವಯಸ್ಸಿನಲ್ಲಿಯೇ. ನಾವು ಅಮೃತಮತಿಗೆ ಈ ಹೆಸರನ್ನಿಟ್ಟು ತರಗತಿಯನ್ನು ನಗಿಸುವಾಗ, ಹಿಂದಿನ ಸಾಲಿನಲ್ಲಿ ಅದೇ ಹೆಸರನ್ನು ವೈದ್ಯರ ಬಾಯಿಂದ ಕೇಳಿ ಬಂದ ವಿದ್ಯಾರ್ಥಿಯೊಬ್ಬನೋ ವಿದ್ಯಾರ್ಥಿನಿಯೊಬ್ಬಳೋ ಕುಳಿತಿರಬಹುದು. ಆ ಮಗುವು ಆ ದಿನ ನಮ್ಮಿಂದ ಕಲಿತುಕೊಂಡು ಹೋಗುವುದು ಚಂಪುವಿನ ಲಕ್ಷಣವನ್ನಲ್ಲ, ತಾನು ನಂಬತಕ್ಕವಳಲ್ಲವೆಂಬ ಪಾಠವನ್ನು.

ಆ ಪಾಠವು ಸುಳ್ಳೂ ಹೌದು. ಮೇರಿ ಜನಾರಿನಿ ಎಂಬ ವಿದುಷಿಯು ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ೧೯೯೨ರಿಂದ ಈ ವಿಕಾರದ ೨೯೦ ಮಂದಿಯನ್ನು ವರ್ಷಗಟ್ಟಲೆ ಅನುಸರಿಸಿ ಪರೀಕ್ಷಿಸಿದರು. ಹತ್ತು ವರ್ಷಗಳ ಅವಧಿಯಲ್ಲಿ ನೂರಕ್ಕೆ ೯೩ ಮಂದಿಯಲ್ಲಿ ಲಕ್ಷಣಗಳು ಕನಿಷ್ಠಪಕ್ಷ ಎರಡು ವರ್ಷಗಳ ಕಾಲ ಶಮನವಾಗಿದ್ದುವೆಂದು ೨೦೧೦ರಲ್ಲಿ ಪ್ರಕಟಿಸಿದರು. ಲಕ್ಷಣಗಳ ಶಮನದೊಡನೆ ಉದ್ಯೋಗದಲ್ಲಿಯೂ ಸಂಬಂಧಗಳಲ್ಲಿಯೂ ನೆಲೆಯನ್ನು ಪಡೆದವರು ಸುಮಾರು ಅರ್ಧಪಾಲು ಮಾತ್ರ. ಆದುದರಿಂದ ಇದು ಜನ್ಮಾಂತರದವರೆಗೆ ಬರುವ ಶಾಪವಲ್ಲ. ಹಾಗೆಂದು ಅಸಡ್ಡೆಮಾಡತಕ್ಕ ಹಗುರವಾದ ವಿಷಯವೂ ಅಲ್ಲ. ಆತ್ಮಹತ್ಯೆಯ ಅಪಾಯವು ಇಲ್ಲಿ ಸಾಮಾನ್ಯರಿಗಿಂತ ಬಹಳ ಹೆಚ್ಚು. ಅಂತಹ ಮಾತು ವಿದ್ಯಾರ್ಥಿಯ ಬಾಯಿಂದ ಬಂದರೆ ಉಪದೇಶಕ್ಕೆ ತೊಡಗದೆ ವೈದ್ಯರ ಬಳಿಗೆ ಕರೆದೊಯ್ಯುವುದು ಉಪಾಧ್ಯಾಯನ ಕರ್ತವ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ, ೨೦೨೨ರಲ್ಲಿ ಆರಂಭವಾದ ೧೪೪೧೬ ಸಂಖ್ಯೆಯ 'ಟೆಲಿ ಮಾನಸ್' ದೂರವಾಣಿಸೇವೆಯೂ ಇದಕ್ಕಾಗಿಯೇ ಇವೆ. ಈ ಚಿಕಿತ್ಸೆಯನ್ನು ರೂಪಿಸಿದ ಲಿನೆಹನ್ ಅವರೇ ತಾವು ಯೌವನದಲ್ಲಿ ಆಸ್ಪತ್ರೆಯಲ್ಲಿದ್ದು ಇಂತಹ ಯಾತನೆಯನ್ನು ಅನುಭವಿಸಿದವರೆಂದು ೨೦೧೧ರಲ್ಲಿ ಬಹಿರಂಗವಾಗಿ ಹೇಳಿದರು.

ಅವರ ಚಿಕಿತ್ಸೆಯಲ್ಲಿ ಪರಿವರ್ತನೆಗೆ ಎಷ್ಟು ಸ್ಥಾನವೋ ಅಂಗೀಕಾರಕ್ಕೂ ಅಷ್ಟೇ ಸ್ಥಾನ. ಎಳೆಯ ವಯಸ್ಸಿನಲ್ಲಿ ತನ್ನ ಭಾವವನ್ನು ಹೇಳಿದಾಗಲೆಲ್ಲ 'ಹಾಗೆ ಅನ್ನಿಸುವುದಕ್ಕೆ ಕಾರಣವಿಲ್ಲ' ಎಂಬ ಉತ್ತರವನ್ನೇ ಕೇಳಿದ ಮಗುವಿನಲ್ಲಿ ಈ ವಿಕಾರವು ಬಲಿಯುವ ಸಂಭವವು ಹೆಚ್ಚೆಂಬುದು ಅವರ ಮತ. ಆದುದರಿಂದ ಮೊದಲು ಮಾಡಬೇಕಾದುದು, ಆ ಭಾವಕ್ಕೆ ಅವನ ದೃಷ್ಟಿಯಿಂದ ಇರುವ ವಿಭಾವವನ್ನು ಕಂಡು, ಕಂಡೆನೆಂದು ಹೇಳುವುದು. ಇದಕ್ಕೆ ನಮ್ಮಲ್ಲಿ ಹೃದಯಸಂವಾದವೆಂಬ ಹೆಸರು ಹಿಂದಿನಿಂದಲೂ ಇದೆ, ಅದುಳ್ಳವನೇ ಸಹೃದಯ. ಸಹೃದಯನು ಪಾತ್ರದ ಭಾವವನ್ನು ಒಪ್ಪಬೇಕಾಗಿಲ್ಲ, ಅದರ ಕಾರಣವನ್ನು ಕಾಣಬೇಕು. ಕಾವ್ಯದಲ್ಲಿ ಹೀಗೆ ಕಾಣುವುದರ ಫಲವು ಆಸ್ವಾದ. ಲೋಕದಲ್ಲಿ ಅದರ ಫಲವು ಆಶ್ವಾಸ. ಲೋಕದ ದುಃಖವನ್ನು ಆಸ್ವಾದಿಸುವವನು ಸಹೃದಯನಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಾತ್ರಗಳಿಗೆ ರೋಗದ ಹೆಸರನ್ನಿಡುವುದನ್ನು ಬಿಟ್ಟು, ಪ್ರತಿಯೊಂದು ಭಾವಕ್ಕೂ ವಿಭಾವವೆಲ್ಲಿ, ಅದರ ಶಾಂತಿಯು ಎಲ್ಲಿ, ಅದರ ಕೆಳಗೆ ನಿಂತಿರುವ ಸ್ಥಾಯಿಯು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಹುಟ್ಟಿಸಿದರೆ, ಅವರು ರನ್ನಜನ್ನರನ್ನು ಚೆನ್ನಾಗಿ ಓದುವರು. ಅದೇ ಮೂರು ಪ್ರಶ್ನೆಗಳನ್ನು ಪಕ್ಕದಲ್ಲಿ ಕುಳಿತವರ ವಿಷಯದಲ್ಲಿಯೂ ಕೇಳಿಕೊಳ್ಳುವುದನ್ನು ಅವರು ಕಲಿತರೆ, ಅಲಂಕಾರಶಾಸ್ತ್ರವನ್ನು ಪಾಠಹೇಳುವ ನಮ್ಮ ಶ್ರಮಕ್ಕೆ ಅದಕ್ಕಿಂತ ಹೆಚ್ಚಿನ ಸಾರ್ಥಕ್ಯವಿಲ್ಲ. ಇದನ್ನು ಉಪಾಧ್ಯಾಯವರ್ಗದವರೂ ವಿದ್ವಾಂಸರೂ ಪರಾಮರ್ಶಿಸಬೇಕೆಂದು ಪ್ರಾರ್ಥನೆ.